ತಿರಸ್ಕರಿಸಿದ ಪಟ್ಟಿ ಮತ್ತೆ ಮತ್ತೆ ಬರುವುದೇಕೆ?

ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಪತ್ರದ ಸಾರ: "ನಮ್ಮ ಊರು ಕಸ್ತೂರಿರಂಗನ್ ಪಟ್ಟಿಯಲ್ಲಿದೆ. ಮನೆಗೆ ಹೆಂಚು ಬದಲಿಸಲೂ ದೆಹಲಿಯ ಅಪ್ಪಣೆ ಬೇಕಂತೆ, ತೋಟ ಮಾರುವಂತಿಲ್ಲವಂತೆ. ರಾಜ್ಯ ಸಂಪುಟವೇ ತಿರಸ್ಕರಿಸಿದ ಮೇಲೂ ಪಟ್ಟಿ ಹೇಗೆ ಉಳಿದಿದೆ? ನೀವು ಯಾರ ಕಡೆ?"

ಸಂಪಾದಕರ ಉತ್ತರ

ಮಾನ್ಯರೇ,

ನೀವು ಹೇಳುವ ಪಟ್ಟಿ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರಬೇಕೆಂದು ಕಸ್ತೂರಿರಂಗನ್ ವರದಿ ಗುರುತಿಸಿದ ಗ್ರಾಮಗಳದ್ದು; ಅದರ ಆಧಾರದಲ್ಲಿ ಕೇಂದ್ರ ಸರ್ಕಾರ ಕರಡು ಅಧಿಸೂಚನೆಗಳನ್ನು ಹೊರಡಿಸುತ್ತ ಬಂದಿದೆ. ಹೆಂಚಿನಿಂದಲೇ ಶುರು ಮಾಡೋಣ. ಈಗಿರುವ ವಾಸದ ಮನೆಗಳ ರಿಪೇರಿ, ವಿಸ್ತರಣೆ, ನವೀಕರಣಕ್ಕೆ ನಿರ್ಬಂಧವಿಲ್ಲ ಎಂದು ಕರಡಿನಲ್ಲೇ ಬರೆದಿದೆ. ಆಸ್ತಿ ಹಸ್ತಾಂತರಕ್ಕೂ ಹಾಗೆಯೇ. ಎರಡಕ್ಕೂ ಇಂದಿನ ಕಾನೂನೇ ಸಾಕು. ನಿಷೇಧವಿರುವುದು ಐದು ಬಗೆಯ ಕೆಲಸಕ್ಕೆ: ಗಣಿ, ಕಲ್ಲುಕ್ವಾರಿ ಮತ್ತು ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅಂದರೆ ಹೆಚ್ಚು ಮಾಲಿನ್ಯ ಮಾಡುವ) ಹೊಸ ಕೈಗಾರಿಕೆ, 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ, 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಬಡಾವಣೆ. 20,000 ಚದರ ಮೀಟರ್ ಎಂದರೆ ಸುಮಾರು 2,15,000 ಚದರ ಅಡಿ. ಅಷ್ಟು ದೊಡ್ಡ ಹೋಂಸ್ಟೇ ಮಲೆನಾಡಿನಲ್ಲಿ ಯಾರದ್ದಿದೆ? ನಡೆಯುತ್ತಿರುವ ಕ್ವಾರಿ ಮಾತ್ರ ಅಂತಿಮ ಅಧಿಸೂಚನೆಯಿಂದ ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ, ಮುಚ್ಚಬೇಕು. ನಿಜವಾದ ನಷ್ಟ ಇರುವುದು ಅಲ್ಲಿ. ಅದನ್ನು ತಪ್ಪಿಸಿಕೊಳ್ಳಬೇಕಾದವರು ಪ್ರತಿಭಟನೆಯಲ್ಲಿ ಬೆಳೆಗಾರನನ್ನೇ ಮುಂದೆ ನಿಲ್ಲಿಸುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ನಿಮ್ಮ ಊರಿನ ಭಯ ಸುಳ್ಳೇ? ಅಲ್ಲ. ಆದರೆ ಅದು ಹುಟ್ಟಿದ್ದು ಬೇರೆ ಕಾಗದಗಳಿಂದ. ನೆರಳಿನ ಮರ ಕಡಿಯಲು ಅನುಮತಿ ಕೇಳುವುದು 1976ರ ಮರ ಸಂರಕ್ಷಣಾ ಕಾಯ್ದೆ (ಸಿಲ್ವರ್ ಓಕ್‌ಗೆ ಅದರಲ್ಲಿ ವಿನಾಯಿತಿ ಇದೆ). ಒತ್ತುವರಿ ನೋಟಿಸ್, ಹಕ್ಕುಪತ್ರದ ತಕರಾರು ಇವುಗಳ ಮೂಲ ಬಹುಪಾಲು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4, ಇಲ್ಲವೇ ಡೀಮ್ಡ್ ಅರಣ್ಯ (ಅರಣ್ಯವೆಂದು ಘೋಷಣೆಯಾಗದಿದ್ದರೂ ಅರಣ್ಯವೆಂದೇ ಪರಿಗಣಿಸಿದ ಜಮೀನು). ಸೆಕ್ಷನ್ 4 ಎಂದರೆ ಮೀಸಲು ಅರಣ್ಯ ಮಾಡುವ ಉದ್ದೇಶದ ಪ್ರಕಟಣೆ. ಅರಣ್ಯ ವ್ಯವಸ್ಥಾಪನಾಧಿಕಾರಿ ಹಕ್ಕುಗಳನ್ನು ವಿಚಾರಿಸಿ ಮುಗಿಸಿದ ಮೇಲೆ ಸೆಕ್ಷನ್ 17ರ ಅಂತಿಮ ಘೋಷಣೆ. ವಿಚಾರಣೆ ಮುಗಿಯದೆ ಬಿದ್ದಿರುವ ಕಡೆ ಜಮೀನು ಅತ್ತ ಅರಣ್ಯವೂ ಅಲ್ಲ, ಇತ್ತ ಕಂದಾಯವೂ ಅಲ್ಲ. ಡೀಮ್ಡ್ ಅರಣ್ಯದ ಪಟ್ಟಿಯನ್ನು ರಾಜ್ಯ 2022ರ ಮೇ ತಿಂಗಳಲ್ಲಿ ಸುಮಾರು 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿತು. ಕಸ್ತೂರಿರಂಗನ್ ವರದಿ ನಾಳೆ ಮಾಯವಾದರೂ ಈ ಎರಡು ಹಾಗೇ ಇರುತ್ತವೆ.

ಇನ್ನು ತಿರಸ್ಕಾರದ ವಿಷಯ. 2011ರ ಮಾಧವ ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನು ಮೂರು ವಲಯ ಮಾಡಿತ್ತು. 2013ರ ಕಸ್ತೂರಿರಂಗನ್ ಗುಂಪು ಉಪಗ್ರಹ ಚಿತ್ರ ನೋಡಿ ಶೇ 37ಕ್ಕೆ ಇಳಿಸಿತು. ಎಡವಟ್ಟು ಆದದ್ದು ಅಳತೆಯ ಘಟಕದಲ್ಲಿ. ಒಂದು ಗ್ರಾಮದ ಶೇ 20 ಅಥವಾ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮ ಪಟ್ಟಿಗೆ. 1,000 ಎಕರೆಯ ಗ್ರಾಮದ ಅಂಚಿನಲ್ಲಿ 210 ಎಕರೆ ಕಾಡಿದ್ದರೆ ಉಳಿದ 790 ಎಕರೆ ಗದ್ದೆ, ತೋಟ, ಲೈನ್ ಮನೆ ಎಲ್ಲವೂ ಒಳಗೆ. ಕಾಡು 190 ಎಕರೆ ಇದ್ದರೆ ಆ ಕಾಡೂ ಹೊರಗೆ. ಹೀಗೆ ಚಿಕ್ಕಮಗಳೂರು ಜಿಲ್ಲೆಯ 147, ಹಾಸನ ಜಿಲ್ಲೆಯ 35 ಗ್ರಾಮಗಳು ವರದಿಯ ಪಟ್ಟಿಗೆ ಬಂದವು. ಹಾಸನದ್ದು ಸಕಲೇಶಪುರದಲ್ಲೇ 34, ಆಲೂರಿನಲ್ಲಿ ಒಂದು.

ಕೇರಳಕ್ಕೂ ಇದೇ ತಲೆನೋವಿತ್ತು. ಅವರು ಬೇಡ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಉಮ್ಮನ್ ವಿ. ಉಮ್ಮನ್ ಸಮಿತಿ ಮಾಡಿ, ಸ್ಥಳ ಪರಿಶೀಲನೆ ನಡೆಸಿ, ಜನವಸತಿ ಮತ್ತು ತೋಟಗಳನ್ನು ಬಿಡಿಸಿ ಬೇರೆ ನಕ್ಷೆ ಕೊಟ್ಟರು. 13,108 ಚದರ ಕಿ.ಮೀ. ಇದ್ದದ್ದು 9,993.7ಕ್ಕೆ ಇಳಿದು, 2014ರ ಮೊದಲ ಕರಡಿನಲ್ಲೇ ಬಂತು. ನಮ್ಮಲ್ಲಿ ಪಕ್ಷ ಬದಲಾದರೂ ಉತ್ತರ ಬದಲಾಗಲಿಲ್ಲ: ವರದಿಯೇ ಬೇಡ. 2024ರ ಜುಲೈ 31ರ ಆರನೇ ಕರಡಿನಲ್ಲೂ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಆಗಿಯೇ ಇತ್ತು. ಅದೇ ಸೆಪ್ಟೆಂಬರ್ 26ರಂದು ಸಂಪುಟ ಮತ್ತೆ ತಿರಸ್ಕರಿಸಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಅಧಿಸೂಚನೆಯ ಅಧಿಕಾರ ಕೇಂದ್ರದ್ದು. ಸಂಪುಟದ ನಿರ್ಣಯಕ್ಕೆ ಅಲ್ಲಿ ಇನ್ನೊಂದು ಆಕ್ಷೇಪಣೆಯಷ್ಟೇ ಬೆಲೆ. ಇನ್ನೊಂದು ಮಾತು ವೇದಿಕೆಗಳಲ್ಲಿ ಕೇಳಿಬರುವುದೇ ಇಲ್ಲ: 2013ರ ನವೆಂಬರ್ 13ರಂದೇ ಕೇಂದ್ರ ಅದೇ ಕಾಯ್ದೆಯ ಸೆಕ್ಷನ್ 5ರಡಿ ನಿರ್ದೇಶನ ಹೊರಡಿಸಿ, ಅಂತಿಮ ಅಧಿಸೂಚನೆಗೆ ಕಾಯದೆ, ಹೊಸ ಯೋಜನೆಗಳಿಗೆ ಈ ಐದು ನಿಷೇಧಗಳನ್ನು ಹಾಕಿತು.

ನಾವು ಕ್ವಾರಿ ನಿಷೇಧದ ಪರ, ಗ್ರಾಮವನ್ನು ಇಡಿಯಾಗಿ ಎಣಿಸುವುದರ ವಿರುದ್ಧ. ಇವೆರಡೂ ಒಟ್ಟಿಗೆ ಸಾಧ್ಯ. ನೀವು ಮಾಡಬಹುದಾದದ್ದು ಇಷ್ಟು.

ಮೊದಲು ನಿಮ್ಮ ಕಂದಾಯ ಗ್ರಾಮದ ಹೆಸರನ್ನು ಪಟ್ಟಿಯಲ್ಲಿ ಹುಡುಕಿ. ಮಜರೆಯ (ಕಂದಾಯ ಗ್ರಾಮದೊಳಗಿನ ಉಪಗ್ರಾಮದ) ಹೆಸರು ಅಲ್ಲಿ ಸಿಗುವುದಿಲ್ಲ. ಅದನ್ನೇ ನೋಡಿ 'ನಮ್ಮೂರಿಲ್ಲ' ಎಂದು ನೆಮ್ಮದಿಯಾಗಬೇಡಿ. ಆಮೇಲೆ ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ಮತ್ತು ಗ್ರಾಮ ನಕ್ಷೆ ತೆಗೆಸಿ. ಪ್ರತಿ ಸರ್ವೆ ನಂಬರಿನ ಎದುರು ಹಿಡುವಳಿ, ಗೋಮಾಳ, ಅರಣ್ಯ ಎಂದು ವಿಸ್ತೀರ್ಣ ಬರೆದು ಕೂಡಿಸಿ. ನಂಬರು ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂಬುದಕ್ಕೆ ದಿಶಾಂಕ್ ಆ್ಯಪ್ ನೆರವಾಗುತ್ತದೆ, ಗಡಿಯ ವಿವಾದಕ್ಕೆ ಮಾತ್ರ ಭೂಮಾಪಕರ ಅಳತೆಯೇ ಬೇಕು. ಪಹಣಿಯ 11ನೇ ಕಾಲಂ (ಇತರೆ ಹಕ್ಕು ಮತ್ತು ಋಣಗಳು) ಓದಿ. ಸೆಕ್ಷನ್ 4ರ ಪ್ರಕಟಣೆ ಇದೆಯೇ ಎಂದು ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಘಟಕವಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಯಾವ ಬಣ್ಣದ ವರ್ಗ ನಮೂದಾಗಿದೆ ನೋಡಿ.

ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ಇಟ್ಟು, ಯಾವ ಸರ್ವೆ ನಂಬರು ಒಳಗಿರಲಿ, ಯಾವುದು ಹೊರಗೆ ಎಂದು ಠರಾವು ಮಾಡಿಸಿ. ಕರಡು ಬಂದಾಗ ಆಕ್ಷೇಪಣೆಗೆ ಸಿಗುವುದು 60 ದಿನ. ಆರನೆಯದರ ಗಡುವು ಮುಗಿದಿದೆ. ಆದರೆ ಈ ದಾಖಲೆ ಒಟ್ಟುಮಾಡಲು 60 ದಿನ ಎಲ್ಲಿಗೂ ಸಾಲದು, ಕರಡಿಗೆ ಕಾಯಬೇಡಿ. 'ವರದಿ ಬೇಡ' ಎಂಬ ಒಂದೇ ಸಾಲಿಗೆ ಸಾವಿರ ಸಹಿ ಹಾಕಿದರೂ ಅದರಿಂದ ನಕ್ಷೆಯ ಒಂದು ಗೆರೆಯನ್ನೂ ತಿದ್ದಲಾಗದು. ಠರಾವಿನ ಒಂದು ಪ್ರತಿ ಕೇಂದ್ರ ಪರಿಸರ ಸಚಿವಾಲಯಕ್ಕೆ, ಇನ್ನೊಂದು ಜಿಲ್ಲಾಧಿಕಾರಿಗೆ. ಎರಡಕ್ಕೂ ಸ್ವೀಕೃತಿ ಪಡೆದು ಪಂಚಾಯಿತಿ ಕಡತದಲ್ಲಿ ಇಡಿಸಿ.