ಆಡಿದ ಅನುಭವವೊಂದೇ ರೇಡಿಯೋಗೆ ಸಾಕಾ?

ದೊಡ್ಡ ಬಾಸ್ಕೆಟ್‌ಬಾಲ್ ತಾರೆಗೆ ನಿವೃತ್ತಿಯಾದ ಮೇಲೆ ರೇಡಿಯೋ ಕೆಲಸ ಸುಲಭ ಅಲ್ವಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಟಿವಿಗಿಂತ ಅದೇ ಕಷ್ಟ. ಟಿವಿಯಲ್ಲಿ ಚಿತ್ರವೇ ಅರ್ಧ ಕೆಲಸ ಮಾಡುತ್ತದೆ. ರೇಡಿಯೋದಲ್ಲಿ ಚೆಂಡು ಯಾರ ಕೈಯಲ್ಲಿದೆ, ಯಾವ ಮೂಲೆಯಲ್ಲಿದೆ, ಸ್ಕೋರ್ ಎಷ್ಟು, ಎಲ್ಲವೂ ಮಾತಿನಲ್ಲೇ ಕಾಣಬೇಕು. ಒಂದು ತಂಡದ ಸರದಿಗೆ ಸಿಗುವುದೇ 24 ಸೆಕೆಂಡು. ಅಷ್ಟೂ ಹೊತ್ತು ಮುಖ್ಯ ಕಾಮೆಂಟೇಟರ್ ಮಾತಾಡುತ್ತಲೇ ಇರುತ್ತಾರೆ. ಮಾಜಿ ಆಟಗಾರರು ಸಾಮಾನ್ಯವಾಗಿ ಪಕ್ಕದಲ್ಲಿ ವಿಶ್ಲೇಷಕರಾಗಿ ಕೂರುತ್ತಾರೆ. ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಎಸೆತ) ಹೊತ್ತಿನಲ್ಲಿ ಸಿಗುವ ನಾಲ್ಕೈದು ಸೆಕೆಂಡಿನಲ್ಲೇ ‘ಅದು ಯಾಕೆ ಹಾಗಾಯ್ತು’ ಅಂತ ಹೇಳಿ ಮುಗಿಸಬೇಕು. ಎಲ್ಲಿ ಸುಮ್ಮನಿರಬೇಕು ಎನ್ನುವುದನ್ನು ಕಲಿಯುವುದೇ ಜಾಸ್ತಿ ಕಷ್ಟ.

ಆದರೂ ಗೆದ್ದವರಿದ್ದಾರೆ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 1981ರ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಸೆಡ್ರಿಕ್ ಮ್ಯಾಕ್ಸ್‌ವೆಲ್ ಆಮೇಲೆ ಸೆಲ್ಟಿಕ್ಸ್ ತಂಡದ ರೇಡಿಯೋ ದನಿಯಾದರು. 1978ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮೊದಲನೆಯವರಾಗಿ ಆಯ್ಕೆಯಾದ ಮೈಕಲ್ ಥಾಂಪ್ಸನ್ ಲೇಕರ್ಸ್ ತಂಡದ ರೇಡಿಯೋದಲ್ಲಿ ಹೆಸರು ಮಾಡಿದರು. ಹಾಟ್ ರಾಡ್ ಹಂಡ್ಲಿ ಅಂತೂ ಜಾಝ್ ತಂಡದ ಮುಖ್ಯ ಕಾಮೆಂಟರಿಯನ್ನೇ 2009ರವರೆಗೆ ಹೇಳಿದರು. ಆಡಿದ್ದಕ್ಕಿಂತ ಎಷ್ಟೋ ಹೆಚ್ಚು ವರ್ಷ!

ಹೊಸದಾಗಿ ರೇಡಿಯೋಗೆ ಬರುವ ಮಾಜಿ ಆಟಗಾರರಿಗೂ ಒಂದೆರಡು ಸೀಸನ್ ಸಮಯ ಕೊಡಿ. ಮುಂದಿನ ಪಂದ್ಯವನ್ನು ಟಿವಿ ಆಫ್ ಮಾಡಿ ಬರೀ ರೇಡಿಯೋದಲ್ಲಿ ಕೇಳಿ ನೋಡಿ.