ಕಾಗೋಡು ಕಾದಂಬರಿ: ಐತಿಹಾಸಿಕ ಅನ್ನಬಹುದಾ?
ನೀವು ಕೇಳಿದ್ದು, 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಜಮೀನ್ದಾರರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹದ ಮೇಲೆ ಬರೆದರೆ ಅದು ಐತಿಹಾಸಿಕ ಕಾದಂಬರಿಯಾ, ಇಲ್ಲಾ ನಿಜವಾದ ಜನರ ಮೇಲೆ ಕಟ್ಟಿದ ಕಥೆಯಾ ಅಂತ. ಐತಿಹಾಸಿಕ ಕಾದಂಬರಿಗಳಿಗೇ ಕೊಡುವ ಬ್ರಿಟನ್ನಿನ ವಾಲ್ಟರ್ ಸ್ಕಾಟ್ ಪ್ರಶಸ್ತಿಯವರು ಕಥೆಯ ಬಹುಪಾಲು ಕನಿಷ್ಠ 60 ವರ್ಷ ಹಿಂದೆ ನಡೆದಿರಬೇಕು ಅನ್ನುತ್ತಾರೆ. ಆ ಲೆಕ್ಕದಲ್ಲಿ ನಿಮ್ಮದು ಪಾಸು.

ಆದರೆ ನನಗೆ ಬರೀ ವರ್ಷದ ಲೆಕ್ಕ ಸಾಲದು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಡುವಾಗ ಕೆಳದಿ ಚೆನ್ನಮ್ಮನ ಮನಸ್ಸಿನಲ್ಲಿ ಏನಿತ್ತು ಅಂತ ನೀವು ಏನೇ ಬರೆದರೂ, ಅಲ್ಲ ಅನ್ನೋಕೆ ನೋಡಿದವರು ಯಾರೂ ಉಳಿದಿಲ್ಲ. ಕಾಗೋಡು ಹಾಗಲ್ಲ. ಅಂದು ಗದ್ದೆಗಿಳಿದ ಗೇಣಿದಾರರ ಮಕ್ಕಳು, ಜಮೀನಿನ ಒಡೆಯರ ಮನೆಯ ಮೊಮ್ಮಕ್ಕಳು ಸಾಗರದ ಪೇಟೆಯಲ್ಲೇ ಸಿಗುತ್ತಾರೆ, "ನಮ್ಮಜ್ಜ ಹಾಗೆ ಮಾಡಿಲ್ಲ" ಅಂತ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ ಅಲ್ವಾ? ಮನೆಯವರ ಮನಸ್ಸು ನೋಯಿಸಬೇಕು ಅಂತಲೇ ಸತ್ತವರ ಮೇಲೆ ಆರೋಪ ಹೊರಿಸಿದರೆ ಅದೂ ಮಾನನಷ್ಟ ಆಗಬಹುದು, ನಮ್ಮ ಕಾನೂನಿನಲ್ಲೇ ಇದೆ.

ಹಾಗಾಗಿ ಆ ಹೋರಾಟದಲ್ಲಿದ್ದ ಸಮಾಜವಾದಿ ನಾಯಕರು, ಶಾಂತವೇರಿ ಗೋಪಾಲಗೌಡರು, ಲೋಹಿಯಾ ಇಂಥವರು ಸ್ವಂತ ಹೆಸರಿನಲ್ಲೇ ಬರಲಿ, ದಾಖಲೆಯಲ್ಲಿ ಇರುವಷ್ಟು ಮಾತ್ರ. ಮನೆಯೊಳಗಿನ ಅಳು, ಜಗಳ, ಮೋಸ ಎಲ್ಲ ನೀವೇ ಹುಟ್ಟಿಸಿದ ಒಂದು ಗೇಣಿ ಕುಟುಂಬಕ್ಕೆ ಕೊಡಿ. ಭತ್ತ ಅಳೆಯುವ ಕೊಳಗದ ತಕರಾರನ್ನು ಮಾತ್ರ ಸುಮ್ನೆ ಎರಡು ಸಾಲಲ್ಲಿ ಮುಗಿಸಬೇಡಿ, ಆ ಜನ ಎದ್ದು ನಿಂತದ್ದೇ ಅದಕ್ಕೆ.