ನಕ್ಷತ್ರಕ್ಕೆ ನೇರಳೆ ಬಳೆ ಯಾಕೆ?

ಪ್ರಶ್ನೆ: ಸರ್, ನನ್ನದು 102 ಮಿ.ಮೀ. ಅಗಲದ ಲೆನ್ಸಿನ, ಎಫ್/5 (ನಾಭಿದೂರ ಆ ಅಗಲದ ಐದು ಪಟ್ಟು) ಟೆಲಿಸ್ಕೋಪ್, ಎರಡು ಗಾಜಿನ ಆಕ್ರೊಮ್ಯಾಟ್. ಕೊಂಡಜ್ಜಿ ಹತ್ತಿರ ಡಿಎಸ್‌ಎಲ್‌ಆರ್ ಜೋಡಿಸಿ ಕೃತ್ತಿಕೆಯ ಫೋಟೊ ತೆಗೆದೆ. ಒಂದೊಂದು ನಕ್ಷತ್ರಕ್ಕೂ ನೇರಳೆ ಬಳೆ ತೊಡಿಸಿದ ಹಾಗಿದೆ. ಅಗಸ್ತ್ಯನಿಗಂತೂ ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಅಂಚು ಬೇರೆ. ಬರಿಗಣ್ಣಿಟ್ಟು ಟೆಲಿಸ್ಕೋಪಿನಲ್ಲಿ ನೋಡಿದಾಗ ಇಷ್ಟು ಕಾಣಲ್ಲ. ಲೆನ್ಸ್ ಕೆಟ್ಟಿದೆಯಾ?
– ಓದುಗರು, ದಾವಣಗೆರೆ

ಉತ್ತರ: ಕೆಟ್ಟಿಲ್ಲ. ಆ ಲೆನ್ಸ್ ಇರುವುದೇ ಹಾಗೆ. ಮಂಡಿಪೇಟೆಯ ನನ್ನ ಕನ್ನಡಕದ ಅಂಗಡಿಗೂ ಇಂಥ ದೂರು ಬರುತ್ತದೆ. ಪಾಲಿಕಾರ್ಬೊನೇಟ್ ಗ್ಲಾಸ್ ಹಾಕಿಸಿಕೊಂಡವರು ಟ್ಯೂಬ್‌ಲೈಟನ್ನು ಓರೆಗಣ್ಣಲ್ಲಿ ನೋಡಿ, "ಅಂಚಲ್ಲಿ ಬಣ್ಣ ಕಾಣ್ತದಲ್ರೀ" ಅನ್ನುತ್ತಾರೆ.

ನಿಮ್ಮ ಫೋಟೊಗಳಲ್ಲಿ ಎರಡು ಬೇರೆ ಬೇರೆ ಕಾರಣ ಸೇರಿಕೊಂಡಿವೆ. ಅಗಸ್ತ್ಯನ ಎರಡು ಬಣ್ಣಕ್ಕೆ ಕಾರಣ ಗಾಳಿ. ದಾವಣಗೆರೆಯಿಂದ ಅವನು ಎಷ್ಟೇ ಮೇಲೇರಿದರೂ ದಿಗಂತದಿಂದ ಸುಮಾರು 23 ಡಿಗ್ರಿ ಅಷ್ಟೇ. ಅಷ್ಟು ತಗ್ಗಿನಲ್ಲಿ ವಾತಾವರಣವೇ ಬೆಳಕನ್ನು ಒಡೆಯುತ್ತದೆ: ನೀಲಿ ಮೇಲಕ್ಕೆ, ಕೆಂಪು ದಿಗಂತದ ಕಡೆಗೆ. ಲೆನ್ಸ್ ಓರೆಯಾಗಿದ್ದರೆ ನೆತ್ತಿಯ ಹತ್ತಿರ ಬರುವ ಕೃತ್ತಿಕೆಗೂ ಹೀಗೇ ಆಗಬೇಕಿತ್ತು, ಅಲ್ವಾ? ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಪದರ ಬಿಡಿಸಿ, ಮತ್ತೆ ಒಂದರ ಮೇಲೊಂದು ಕೂರಿಸಿದರೆ ಮುಗಿಯಿತು.

ನೇರಳೆ ಬಳೆಯದು ಲೆನ್ಸಿನ ಕತೆ. ಎರಡು ಗಾಜು ಸೇರಿ ಕೆಂಪು, ನೀಲಿಯನ್ನು ಒಂದೇ ಜಾಗಕ್ಕೆ ತರುತ್ತವೆ. ನೇರಳೆ ಇನ್ನೂ ಆಚೆ ಹೋಗಿ ಕೂಡುತ್ತದೆ, ಹಾಗಾಗಿ ಸೆನ್ಸರ್ ಮೇಲೆ ಹರಡಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ನೇರಳೆ ಮಂದ. ಕ್ಯಾಮೆರಾ ನಿಮಿಷಗಟ್ಟಲೆ ಅದನ್ನು ಕೂಡಿಸಿಕೊಳ್ಳುತ್ತದೆ. ಎಫ್/5ನಂಥ ಗಿಡ್ಡ ಕೊಳವೆಯಲ್ಲಿ ಈ ಕಾಟ ಜಾಸ್ತಿ.

ಸುಮ್ನೆ ದುಡ್ಡು ಸುರಿಯುವ ಮೊದಲು ಲಗ್ನಪತ್ರಿಕೆಯ ದಪ್ಪ ರಟ್ಟಿನ ನಟ್ಟನಡುವೆ 70 ಮಿ.ಮೀ. ತೂತು ಕೊರೆದು, ಟೆಲಿಸ್ಕೋಪಿನ ಮುಂಬಾಯಿಗೆ ಹಾಕಿ. ಎಫ್/7 ಆಗುತ್ತದೆ, ಬಳೆ ಚೆನ್ನಾಗಿಯೇ ಸಣ್ಣದಾಗುತ್ತದೆ. ಬೆಳಕು ಅರ್ಧಕ್ಕಿಂತ ಕಡಿಮೆಯಾಗುವುದರಿಂದ ಒಟ್ಟು ಎಕ್ಸ್‌ಪೋಷರ್ ಎರಡು ಪಟ್ಟಿಗಿಂತ ಜಾಸ್ತಿ ಬೇಕು. ಇದೂ ಸಾಲದಿದ್ದರೆ ನೇರಳೆ ತಡೆಯುವ ಫಿಲ್ಟರ್ ಸಿಗುತ್ತದೆ. ಫೋಟೊಗೆ ಸ್ವಲ್ಪ ಹಳದಿ ಛಾಯೆ ಬರುತ್ತದೆ, ಅದನ್ನು ಆಮೇಲೆ ಸರಿಮಾಡಬಹುದು.

ಆದರೆ ಕಂಪ್ಯೂಟರಿನಲ್ಲಿ ಕೂತು ನೀಲಿಯನ್ನೆಲ್ಲ ಒರೆಸಿಬಿಡಬೇಡಿ. ಕೃತ್ತಿಕೆಯ ಸುತ್ತ ನಿಜವಾದ ನೀಲಿಯೂ ಇದೆ, ನಕ್ಷತ್ರದ ಬೆಳಕು ಬಿದ್ದ ಧೂಳು ಅದು. ಎಳೆ ಎಳೆಯಾಗಿರುತ್ತದೆ, ಅಲ್ಲಿನ ಮೆರೋಪೆ ಎಂಬ ನಕ್ಷತ್ರದ ಹತ್ತಿರ ದಟ್ಟ. ಲೆನ್ಸಿನ ಬಳೆ ದುಂಡಗೆ, ಎಲ್ಲ ಕಡೆ ಒಂದೇ ಸಮ. ಅನುಮಾನ ಬಂದರೆ ಅದೇ ರಾತ್ರಿ ಲುಬ್ಧಕನ ಫೋಟೊ ತೆಗೆಯಿರಿ. ಅಲ್ಲಿ ಅಂಥ ಧೂಳಿಲ್ಲ. ಅವನ ಸುತ್ತ ಕಾಣುವ ಬಳೆಯೆಲ್ಲ ನಿಮ್ಮ ಲೆನ್ಸಿನದೇ.